ಕುರಿಗಳ ಸಂತಾನೋತ್ಪತ್ತಿ ಹಾರ್ಮೋನುಗಳ ಮೇಲೆ ರೊಪ್ಪದ ಪ್ರಭಾವ

ಚನ್ನಪಟ್ಟಣ ತಾಲ್ಲೂಕಿನ ಅಕ್ಕೂರಿನಂತಹ ಊರುಗಳಲ್ಲಿ ಮನೆಯ ಮಗ್ಗುಲಲ್ಲೇ ನಾಲ್ಕಾರು ಕುರಿ ಕಟ್ಟಿಕೊಂಡ ಕುಟುಂಬಕ್ಕೆ, ಒಂದು ಕುರಿ ಗಬ್ಬ ನಿಲ್ಲಲಿಲ್ಲವೆಂದರೆ ಅದು ವರ್ಷದ ಆದಾಯದ ಪ್ರಶ್ನೆ. ಎರಡು ಮೂರು ಬಾರಿ ಹೀಗಾದರೆ ಅದನ್ನು ಗೊಡ್ಡು ಎಂದು ಕರೆದು ಕಟುಕರಿಗೆ ಮಾರುವುದು ರೂಢಿ. ಆದರೆ ದೋಷ ಕುರಿಯಲ್ಲಿರದೆ ಅದು ಮಲಗುವ ರೊಪ್ಪದಲ್ಲಿಯೂ ಇರಬಹುದು ಎಂಬುದನ್ನು ಪಶುವಿಜ್ಞಾನ ಹಲವು ದಶಕಗಳಿಂದ ತೋರಿಸುತ್ತ ಬಂದಿದೆ.

ಕುರಿಯ ಋತುಚಕ್ರ ಸುಮಾರು 17 ದಿನಗಳದು. ಬೆದೆ ಉಳಿಯುವುದು 24ರಿಂದ 36 ಗಂಟೆ ಮಾತ್ರ. ಈ ಚಕ್ರದ ಸೂತ್ರ ಮೆದುಳಿನಲ್ಲಿದೆ. ಹೈಪೊಥಲಾಮಸ್ ಎಂಬ ಭಾಗ ಮಿಡಿತದಂತೆ ಬಿಟ್ಟು ಬಿಟ್ಟು ಸಂಕೇತ ಕಳುಹಿಸುತ್ತದೆ. ಅದಕ್ಕೆ ಓಗೊಟ್ಟು ಪಿಟ್ಯುಟರಿ ಗ್ರಂಥಿ ಎಲ್‌ಎಚ್ ಎಂಬ ಹಾರ್ಮೋನನ್ನು ಸ್ರವಿಸುತ್ತದೆ. ಅಂಡಾಶಯದಲ್ಲಿ ಈಸ್ಟ್ರೊಜೆನ್ ಏರಿ, ಕೊನೆಗೆ ಎಲ್‌ಎಚ್ ಒಮ್ಮೆಲೇ ಉಕ್ಕಿದಾಗ ಅಂಡ ಬಿಡುಗಡೆಯಾಗುತ್ತದೆ. ಈ ಸರಪಳಿಯ ಯಾವ ಕೊಂಡಿ ಸಡಿಲವಾದರೂ ಬೆದೆ ತಡವಾಗುತ್ತದೆ, ಇಲ್ಲವೇ ತಪ್ಪಿಹೋಗುತ್ತದೆ.

ಶೀತವಲಯದ ದೇಶಗಳಲ್ಲಿ ಈ ಸರಪಳಿಯನ್ನು ಮುಖ್ಯವಾಗಿ ಆಳುವುದು ಹಗಲಿನ ಉದ್ದ. ಇಂಗ್ಲೆಂಡಿನಲ್ಲಿ ಬೇಸಿಗೆ ಮತ್ತು ಚಳಿಗಾಲದ ಹಗಲುಗಳ ನಡುವೆ 8 ಗಂಟೆಗೂ ಹೆಚ್ಚು ಅಂತರವಿದೆ. ಅಲ್ಲಿನ ಕುರಿಗಳು ಹಗಲು ಕುಗ್ಗುವ ಕಾಲಕ್ಕೆ ಬೆದೆಗೆ ಬರುತ್ತವೆ. ಕೊಟ್ಟಿಗೆಯ ದೀಪ ನಿಯಂತ್ರಿಸಿ ಆ ಕಾಲವನ್ನು ಬದಲಿಸುವುದೂ ಸಾಧ್ಯ. ಅಕ್ಕೂರಿನ ಅಕ್ಷಾಂಶದಲ್ಲಿ ಈ ಅಂತರ ಸುಮಾರು ಒಂದೂವರೆ ಗಂಟೆ ಮಾತ್ರ. ನೆರೆಯ ಮಳವಳ್ಳಿ ತಾಲ್ಲೂಕಿನ ಬಂಡೂರು ಹೆಸರಿನ ತಳಿಯೂ ಸೇರಿದಂತೆ ನಮ್ಮ ಕುರಿಗಳು ವರ್ಷದ ಬಹುಪಾಲು ಬೆದೆಗೆ ಬರಬಲ್ಲವು. ಆದ್ದರಿಂದ ಇಲ್ಲಿ ದೀಪಕ್ಕಿಂತ ಮುಖ್ಯವಾದದ್ದು ರೊಪ್ಪದ ಸೆಕೆ, ಇಕ್ಕಟ್ಟು ಹಾಗೂ ಟಗರನ್ನು ಕಟ್ಟುವ ಜಾಗ.

ಇವುಗಳಲ್ಲಿ ಟಗರಿನ ವಿಷಯವೇ ಹೆಚ್ಚು ಕುತೂಹಲಕರ. ದೂರವಿದ್ದ ಟಗರನ್ನು ಹಿಂಡಿಗೆ ಬಿಟ್ಟರೆ ಬೆದೆ ನಿಂತಿದ್ದ ಕುರಿಗಳೂ ಬೆದೆಗೆ ಬರುತ್ತವೆ ಎಂಬುದನ್ನು 1944ರಲ್ಲಿ ಪಶ್ಚಿಮ ಆಸ್ಟ್ರೇಲಿಯಾದ ಅಂಡರ್‌ವುಡ್ ಮತ್ತು ಸಂಗಡಿಗರು ದಾಖಲಿಸಿದರು. ಟಗರಿನ ಉಣ್ಣೆಯ ವಾಸನೆಯೊಂದೇ ಸಾಕು, ಕೆಲವೇ ನಿಮಿಷಗಳಲ್ಲಿ ಕುರಿಯ ರಕ್ತದಲ್ಲಿ ಎಲ್‌ಎಚ್ ಮಿಡಿತ ಚುರುಕಾಗುತ್ತದೆ. ಎರಡು ಮೂರು ದಿನಗಳಲ್ಲಿ ಅಂಡ ಬಿಡುಗಡೆಯಾಗುತ್ತದೆ. ಆದರೆ ಈ ಮೊದಲ ಸಲ ಬೆದೆಯ ಲಕ್ಷಣ ಸಾಮಾನ್ಯವಾಗಿ ಕಾಣದು. ನಿಜವಾದ ಬೆದೆ ಕಾಣುವುದು ಸುಮಾರು 18ನೆಯ ಅಥವಾ 24ನೆಯ ದಿನದ ಹೊತ್ತಿಗೆ. ವಾರ ಕಾದು ಟಗರನ್ನು ಹಿಂದಕ್ಕೆ ಕೊಂಡೊಯ್ಯುವವರು ಫಲ ಬರುವ ಮೊದಲೇ ಕೈಬಿಟ್ಟಂತೆ.

ವರ್ಷವಿಡೀ ಟಗರನ್ನು ಕುರಿಗಳ ಪಕ್ಕದಲ್ಲೇ ಕಟ್ಟಿದರೆ ಈ ಪ್ರಚೋದನೆ ಮಂಕಾಗುತ್ತದೆ. ಒಂದು ತಿಂಗಳು ಕಣ್ಣಿಗೂ ಮೂಗಿಗೂ ಸಿಗದಂತೆ ದೂರವಿಡಬೇಕೆಂಬುದು ಹಳೆಯ ಸಲಹೆ. ಪರಿಚಯವಿಲ್ಲದ ಹೊಸ ಟಗರಾದರೆ ಅಷ್ಟು ಕಟ್ಟುನಿಟ್ಟು ಬೇಕಿಲ್ಲವೆಂದು ನಂತರದ ಪ್ರಯೋಗಗಳು ತಿಳಿಸಿದವು. ಸಣ್ಣ ರೊಪ್ಪದವರಿಗೆ ಇದು ಅನುಕೂಲದ ಸುದ್ದಿ: ಎರಡು ಮನೆಯವರು ಟಗರುಗಳನ್ನು ಅದಲುಬದಲು ಮಾಡಿಕೊಂಡರೆ ಖರ್ಚಿಲ್ಲದೆ ಕೆಲಸವಾಗುತ್ತದೆ, ರಕ್ತಸಂಬಂಧದ ಕೂಡಿಕೆಯೂ ತಪ್ಪುತ್ತದೆ.

ಇಕ್ಕಟ್ಟು, ಒಂಟಿತನ, ನಾಯಿಯ ಕಾಟ, ಲಾರಿ ಪ್ರಯಾಣ ಇವೆಲ್ಲ ಕಾರ್ಟಿಸಾಲ್ ಎಂಬ ಹಾರ್ಮೋನನ್ನು ಏರಿಸುತ್ತವೆ. ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ಸಂಶೋಧಕರು ಕುರಿಯನ್ನು ಹಿಂಡಿನಿಂದ ಬೇರ್ಪಡಿಸಿ, ನಾಯಿಯ ಬೊಗಳು ಕೇಳಿಸಿ ನೋಡಿದಾಗ ಎಲ್‌ಎಚ್ ಮಿಡಿತ ಕುಗ್ಗಿತು. ಅದಕ್ಕೆ ಕಾರ್ಟಿಸಾಲ್ ಒಂದು ಕಾರಣವೆಂದೂ ತಿಳಿಯಿತು. ಬೆದೆಯ ಹೊಸ್ತಿಲಲ್ಲಿರುವ ಕುರಿಯನ್ನು ವಾಹನದಲ್ಲಿ ಸಾಗಿಸಿದರೆ ಎಲ್‌ಎಚ್ ಉಕ್ಕುವುದು ತಡವಾಗುತ್ತದೆಂದು ಬ್ರಿಟನ್ನಿನ ಲಿವರ್‌ಪೂಲ್‌ನಲ್ಲಿ ನಡೆದ ಅಧ್ಯಯನಗಳು ಕಂಡುಕೊಂಡವು. ಹಾರ್ಮೋನು ಸ್ಪಂಜು ಇಟ್ಟು ಗೊತ್ತಾದ ಗಂಟೆಗೆ ಕೃತಕ ಗರ್ಭಧಾರಣೆ ಮಾಡಿಸುವವರು ಇದನ್ನು ಮರೆಯಬಾರದು. ಸ್ಪಂಜು ತೆಗೆದ ದಿನವೇ ಜಾಗ ಬದಲಿಸಿದರೆ ಔಷಧಿಯ ಲೆಕ್ಕ ತಪ್ಪುತ್ತದೆ.

ಇನ್ನು ಸೆಕೆ. ತಗ್ಗಾದ ತಗಡಿನ ಶೀಟಿನ ಕೆಳಗೆ ಮಾರ್ಚ್-ಏಪ್ರಿಲ್ ಮಧ್ಯಾಹ್ನ ಕುರಿಗಳು ಬಾಯಿ ತೆರೆದು ಏದುಸಿರು ಬಿಡುವುದನ್ನು ಕಾಣಬಹುದು. ರಾಜಸ್ಥಾನದ ಅವಿಕಾನಗರದ ಕೇಂದ್ರೀಯ ಕುರಿ ಮತ್ತು ಉಣ್ಣೆ ಸಂಶೋಧನಾ ಸಂಸ್ಥೆ ಮಾಲ್ಪುರ ತಳಿಯ ಮೇಲೆ ನಡೆಸಿದ ಅಧ್ಯಯನಗಳಲ್ಲಿ, ಬಿಸಿಲಿನ ಬೇಗೆಯೊಂದಿಗೆ ಮೇವಿನ ಕೊರತೆಯೂ ಸೇರಿದಾಗ ಈಸ್ಟ್ರೊಜೆನ್ ಕುಸಿದು ಬೆದೆ ಕ್ಷೀಣಿಸಿದ್ದು ಕಂಡುಬಂದಿದೆ. ಕೂಡಿದ ನಂತರದ ಮೊದಲ ಕೆಲ ದಿನಗಳಲ್ಲಿ ಭ್ರೂಣವೂ ತಾಪಕ್ಕೆ ಬಲಿಯಾಗಬಲ್ಲದು.

ದುಬಾರಿ ಕಟ್ಟಡವೇನೂ ಬೇಡ. ಉದ್ದ ಪೂರ್ವ-ಪಶ್ಚಿಮವಾಗಿ ಇರಲಿ. ಶೀಟಿನ ಮೇಲೆ ತೆಂಗಿನ ಗರಿ ಹೊದಿಸಿ ಗಾಳಿಯಾಡಲು ಪಕ್ಕ ತೆರೆದಿರಲಿ. ವಯಸ್ಕ ಕುರಿಗೆ ನೆರಳಿನಲ್ಲಿ 10ರಿಂದ 12 ಚದರ ಅಡಿ, ಹೊರಗೆ ಬಯಲಿನಲ್ಲಿ ಅದರ ಎರಡರಷ್ಟು ಜಾಗ ಬೇಕು. ಕುರಿಯೊಂದನ್ನೇ ಕಟ್ಟದೆ, ಜೊತೆಗೊಂದು ಕಾಣುವಂತಿರಲಿ.

ಟಗರಿನಲ್ಲಿ ವೀರ್ಯಾಣು ತಯಾರಾಗಲು ಸುಮಾರು 7 ವಾರ ಹಿಡಿಯುವುದರಿಂದ, ಏಪ್ರಿಲ್ ಸೆಕೆಯ ಪೆಟ್ಟು ಜೂನ್ ತಿಂಗಳ ಕೂಡಿಕೆಯವರೆಗೂ ಉಳಿಯಬಹುದು. ಗಬ್ಬ ನಿಲ್ಲದ ಕುರಿಯನ್ನು ಮಾರುವ ಮುನ್ನ ರೊಪ್ಪ ಸರಿಪಡಿಸಿ, ಬೇರೊಂದು ಟಗರಿನೊಡನೆ ಎರಡು ಚಕ್ರ, ಅಂದರೆ ಸುಮಾರು 34 ದಿನ ಬಿಟ್ಟು ನೋಡುವುದು ಲೇಸು.