ಉಂಗುರದಿಂದ ನಕಾಶೆಯವರೆಗೆ

1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದವು. ಸುತ್ತಲಿನ ಹಳ್ಳಿಗಳ ಜನ ಜ್ವರ ಹಿಡಿದು ಮಲಗಿದರು. ಉಣುಗಿನಿಂದ ಹರಡುವ ಈ ಮಂಗನ ಕಾಯಿಲೆಯ ವೈರಸ್ಸು ರಷ್ಯಾದ ಮಿದುಳು ಜ್ವರದ ವೈರಸ್ಸಿಗೆ ಹತ್ತಿರದ ನೆಂಟನೆಂದು ತಿಳಿದಾಗ ಅನುಮಾನ ವಲಸೆ ಹಕ್ಕಿಗಳ ಮೇಲೆ ತಿರುಗಿತು. ಸೈಬೀರಿಯಾದ ಉಣುಗುಗಳನ್ನು ಅವೇ ಹೊತ್ತು ತಂದವೇ?

ಉತ್ತರ ಹುಡುಕಲು ವಿಶ್ವ ಆರೋಗ್ಯ ಸಂಸ್ಥೆ ಹಣ ಕೊಟ್ಟಿತು. ಮುಂಬೈಯ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ, ಸಲೀಂ ಅಲಿಯವರ ಮುಂದಾಳತ್ವದಲ್ಲಿ, ಹಕ್ಕಿಗಳ ಕಾಲಿಗೆ ಉಂಗುರ ತೊಡಿಸುವ ಕೆಲಸವನ್ನು ದೊಡ್ಡದಾಗಿ ಕೈಗೆತ್ತಿಕೊಂಡಿತು. ಹಕ್ಕಿಗಳ ಮೇಲಿನ ಆರೋಪ ಸಾಬೀತಾಗಲಿಲ್ಲ. ಆದರೆ ಆ ನೆಪದಲ್ಲಿ ಭಾರತದ ವಲಸೆ ಹಕ್ಕಿಗಳ ಲೆಕ್ಕದ ಪುಸ್ತಕ ತೆರೆಯಿತು.

ಉಂಗುರಕ್ಕೂ ಒಂದು ಮಿತಿಯಿತ್ತು. ಹತ್ತು ಗ್ರಾಂ ಕೂಡ ತೂಗದ ಎಲೆ ಉಲಿಯಕ್ಕಿ ಉಂಗುರದೊಡನೆ ಮತ್ತೆ ಯಾರದಾದರೂ ಕೈಗೆ ಸಿಗುವುದು ಬಲು ಅಪರೂಪ. ಸಿಕ್ಕರೂ ಅದು ಎಲ್ಲಿತ್ತೆಂದು ತಿಳಿಯುತ್ತದೆಯೇ ಹೊರತು, ಅಲ್ಲೇ ಏಕೆ ಚಳಿಗಾಲ ಕಳೆಯಿತೆಂದು ತಿಳಿಯುವುದಿಲ್ಲ. ಆ 'ಏಕೆ'ಯ ಬೆನ್ನು ಹತ್ತಿದವರಲ್ಲಿ ಮಧುಸೂದನ ಕಟ್ಟಿ ಮತ್ತು ಟ್ರೆವರ್ ಪ್ರೈಸ್ ಇದ್ದರು. 1990ರ ದಶಕದಲ್ಲಿ ಅವರು ಮಳೆ, ಎಲೆ ಮೇಲಿನ ಕೀಟ ಮತ್ತು ಉಲಿಯಕ್ಕಿ, ಈ ಮೂರರ ನಂಟನ್ನು ದಕ್ಷಿಣದ ಕಾಡುಗಳಲ್ಲಿ ಅರಸಿದರು.

ಕಂಪ್ಯೂಟರ್ ಮಾದರಿಗಳು ಇದೇ ಪ್ರಶ್ನೆಯನ್ನು ಇಡೀ ದೇಶದ ಅಳತೆಗೆ ಹಿಗ್ಗಿಸಿದವು. 1980ರ ದಶಕದಲ್ಲಿ ಆಸ್ಟ್ರೇಲಿಯಾದಲ್ಲಿ ಬಯೋಕ್ಲಿಮ್ ಬಂತು, 2006ರಲ್ಲಿ ಮ್ಯಾಕ್ಸೆಂಟ್ ಪ್ರಕಟವಾಯಿತು. ಹಕ್ಕಿ ಕಂಡ ಜಾಗಗಳ ಉಷ್ಣತೆ, ಮಳೆ, ಮರದ ಹೊದಿಕೆಗಳನ್ನು ಇವು ಕಲಿತು, ಅಂಥದ್ದೇ ಬೇರೆ ಜಾಗಗಳನ್ನು ನಕಾಶೆಯಲ್ಲಿ ತೋರುತ್ತವೆ. ಮುಂದಿನ ದಶಕಗಳ ಹವಾಮಾನದ ಅಂದಾಜನ್ನು ಊಡಿಸಿದರೆ ಯಾವ ನೆಲೆ ಕುಗ್ಗೀತು, ಯಾವುದು ಹೊಸದಾಗಿ ಒಗ್ಗೀತು ಎಂದೂ ಹೇಳುತ್ತವೆ.

ಇಲ್ಲಿ ಎಡವುವುದು ಸುಲಭ. ಚಳಿಗಾಲದ ನೆಲೆ ಬೇಕಿದ್ದರೆ ದಾರಿಯಲ್ಲಿ ತಂಗಿದ ಹಕ್ಕಿಗಳ ದಾಖಲೆಯನ್ನು ಬೇರ್ಪಡಿಸಬೇಕು. ಸೆಪ್ಟೆಂಬರಿನ ಅತಿಥಿ ಜನವರಿಯ ನಿವಾಸಿಯಲ್ಲ. ದಾಖಲೆಗಳೂ ನಗರ, ರಸ್ತೆ, ಅಭಯಾರಣ್ಯಗಳ ಸುತ್ತಲೇ ಗುಂಪುಗೂಡಿರುತ್ತವೆ. ಇದನ್ನು ಸರಿದೂಗಿಸದಿದ್ದರೆ ಯಂತ್ರ ಹಕ್ಕಿಯ ಬದಲು ಹಕ್ಕಿ ನೋಡುವವರ ನೆಲೆಯನ್ನೇ ಬರೆದುಕೊಡುತ್ತದೆ. ಇಂದು ಹಕ್ಕಿಗೂ ಮಳೆಗೂ ಇರುವ ನಂಟು ನಾಳೆಯೂ ಹಾಗೇ ಇರುತ್ತದೆಂಬ ಊಹೆಯೂ ಲೆಕ್ಕದೊಳಗೆ ಅಡಗಿ ಕೂತಿರುತ್ತದೆ.

2007ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಮೈಗ್ರಂಟ್‌ವಾಚ್ ಸಾಮಾನ್ಯ ಜನರಿಂದ ಕೇಳಿದ್ದು ಇಷ್ಟೇ: ವಲಸೆ ಹಕ್ಕಿ ನಿಮ್ಮೂರಲ್ಲಿ ಮೊದಲು ಕಂಡದ್ದು ಯಾವತ್ತು? ಹಿಮಾಲಯದಲ್ಲಿ ಗೂಡು ಎಷ್ಟೇ ಭದ್ರವಾಗಿದ್ದರೂ, ತೆಂಕಣದ ಮರಗಳಲ್ಲಿ ಚಳಿಗಾಲದ ಹುಳು ಸಿಗದಿದ್ದರೆ ಉಲಿಯಕ್ಕಿ ಉಳಿಯದು. ಹಾಗಾಗಿ ಯಾರೂ ಕಾಲಿಡದ ತೋಪು, ಕುರುಚಲು ಕಾಡುಗಳಿಂದ ಬರುವ ಒಂದೊಂದು ದಾಖಲೆಯೂ, 'ಕಾಣಲಿಲ್ಲ' ಎಂಬ ಟಿಪ್ಪಣಿಯೂ ಸೇರಿ, ಆ ನಕಾಶೆಯನ್ನು ತಿದ್ದುತ್ತದೆ.