ತೋಟಿಯ ತಮಟೆ, ಆಶಾಳ ಡೈರಿ

ಸರ್ಕಾರದ ಹುಕುಂ ಹಳ್ಳಿಗೆ ಹೇಗೆ ಬರುತ್ತದೆ ಅಂತ ತಿಳಿಯಬೇಕಾದರೆ ಪಿಡುಗಿನ ಕಾಲವನ್ನು ನೋಡಬೇಕು. ಬೇರೆ ದಿನಗಳಲ್ಲಿ ನಮ್ಮ ಕೇರಿ ಕಡೆ ತಲೆಹಾಕದ ಸರ್ಕಾರ ಆಗ ಮನೆ ಬಾಗಿಲಿಗೇ ಬರುತ್ತದೆ. ತಾನೇ ಬರುವುದಿಲ್ಲ, ಯಾರನ್ನೋ ಕಳಿಸುತ್ತದೆ. ಹಾಗೆ ಬಂದವರ ಕಥೆ ಚರಿತ್ರೆಯ ಪುಸ್ತಕದಲ್ಲಿ ಸಿಗುವುದು ಅಪರೂಪ.

1896ರಲ್ಲಿ ಬೊಂಬಾಯಿಗೆ ಪ್ಲೇಗು ಬಂತು. 1897ರಲ್ಲಿ ಬ್ರಿಟಿಷರು ಸಾಂಕ್ರಾಮಿಕ ರೋಗಗಳ ಕಾಯಿದೆ ತಂದರು. 1898ರ ಆಗಸ್ಟಿನಲ್ಲಿ ರೋಗ ಬೆಂಗಳೂರಿಗೆ ಬಂತು, ಅಲ್ಲಿಂದ ಮೈಸೂರು ಸಂಸ್ಥಾನದೊಳಕ್ಕೆ ಹಬ್ಬಿತು. ಸಂಸ್ಥಾನ ವಿ.ಪಿ. ಮಾಧವರಾಯರನ್ನು ಪ್ಲೇಗ್ ಕಮಿಷನರ್ ಮಾಡಿತು. ರೋಗಿಗಳನ್ನು ಬೇರೆ ಇಡುವುದು, ಮನೆ ಖಾಲಿ ಮಾಡಿಸುವುದು, ಊರಾಚೆ ಶೆಡ್ಡು ಹಾಕಿಸುವುದು ಆಡಳಿತದ ದಾರಿ. ಇದನ್ನು ತಡೆಯಲಾರದೆ ಶ್ರೀರಂಗಪಟ್ಟಣದ ಪಕ್ಕದ ಗಂಜಾಮಿನಲ್ಲಿ ಅದೇ ವರ್ಷ ಜನ ದಂಗೆ ಎದ್ದರು.

ಹಾಸನವೂ ಆ ಸಂಸ್ಥಾನದ ಒಂದು ಜಿಲ್ಲೆ. ಹುಕುಂ ಇಳಿಯುವುದಕ್ಕೆ ಅಲ್ಲಿ ಏಣಿ ಸಿದ್ಧವಾಗಿತ್ತು. ದಿವಾನರಿಂದ ಡೆಪ್ಯುಟಿ ಕಮಿಷನರಿಗೆ, ಅವರಿಂದ ಅಮಲ್ದಾರರಿಗೆ, ಆಮೇಲೆ ಶೇಕದಾರ, ಪಟೇಲ, ಶಾನುಭೋಗರಿಗೆ. ಕೊನೇ ಮೆಟ್ಟಿಲಲ್ಲಿ ತೋಟಿ. ಅವನು ಬಹುಮಟ್ಟಿಗೆ ನಮ್ಮ ಕೇರಿಯವನೇ. ಸರ್ಕಾರದ ಮಾತನ್ನು ತಮಟೆ ಬಡಿದು ಸಾರುವವನು, ಕಾಗದ ಹೊತ್ತು ಕಸಬೆಗೆ ಓಡುವವನು ಅವನು. ಅವನ ಮಾತನ್ನು ಮೇಲಕ್ಕೆ ಒಯ್ಯುವುದಕ್ಕೆ ಯಾವ ಏಣಿಯೂ ಇರಲಿಲ್ಲ. ಪ್ಲೇಗಿನ ಕಾಲದಲ್ಲಿ ಊರಿನವರು ಊರಾಚೆ ಗುಡಿಸಲು ಹಾಕಿಕೊಂಡು ಮಲಗಿದ್ದನ್ನು ಕಷ್ಟಕಾಲ ಅಂತ ನೆನೆಯುತ್ತಾರೆ. ನಮ್ಮವರು ತಲೆತಲಾಂತರದಿಂದ ಅಲ್ಲೇ ಮಲಗಿದ್ದರು. ಅದನ್ನು ಯಾರೂ ಕಷ್ಟಕಾಲ ಅನ್ನಲಿಲ್ಲ.

1918ರಲ್ಲಿ ಇನ್ಫ್ಲುಯೆಂಜಾ ಬಂತು. ಮೈಸೂರು–ಅರಸೀಕೆರೆ ರೈಲು ಹೊಳೆನರಸೀಪುರ, ಹಾಸನಗಳನ್ನು ಹಾದು ಓಡತೊಡಗಿದ್ದು ಆ ಸುಮಾರಿಗೇ. ಆ ಜ್ವರಕ್ಕೆ ಇಂಡಿಯಾದಲ್ಲಿ ಕೋಟಿಗೂ ಮೀರಿ ಜನ ಸತ್ತರು. ಹಳ್ಳಿಯ ಸಾವಿನ ಲೆಕ್ಕ ಇದ್ದದ್ದು ಪಟೇಲನ ಪುಸ್ತಕದಲ್ಲಿ. ಕೇರಿಗೆ ಕಾಲಿಡದ ಪಟೇಲ ಕೇರಿಯ ಹೆಣಗಳನ್ನು ಹೇಗೆ ಎಣಿಸಿದನೋ, ನೀವೇ ಯೋಚಿಸಿ.

1961ರ ಕಾಯಿದೆ ಪಟೇಲ, ಶಾನುಭೋಗ, ತೋಟಿ ಈ ವಂಶಪಾರಂಪರ್ಯದ ಹುದ್ದೆಗಳನ್ನೆಲ್ಲ ತೆಗೆದುಹಾಕಿತು. ಹುದ್ದೆ ಹೋಯ್ತು, ಕೊನೇ ಮೆಟ್ಟಿಲು ಉಳೀತು.

2020ರ ಮಾರ್ಚಿನಲ್ಲಿ ದೇಶಕ್ಕೇ ಬೀಗ ಬಿತ್ತು. ಮೇ ತಿಂಗಳ ಮೊದಲ ವಾರದವರೆಗೂ ಹಾಸನ ಹಸಿರು ವಲಯ. ಮೇ 12ರಂದು ಜಿಲ್ಲೆಯ ಮೊದಲ ಐದು ಪ್ರಕರಣ ಸಿಕ್ಕಿದವು. ಅವರು ಮುಂಬೈಯಿಂದ ಚನ್ನರಾಯಪಟ್ಟಣಕ್ಕೆ ಬಂದವರು. ಹೊಟ್ಟೆಪಾಡಿಗೆ ಮುಂಬೈ ಸೇರಿದ್ದ ಆ ಸೀಮೆಯ ಜನ ಊರಿಗೆ ಮರಳಿದಾಗ ಅವರನ್ನೇ ರೋಗ ಅಂದುಕೊಂಡರು. ರಾಜ್ಯದ ಉದ್ದಕ್ಕೂ ಹಾಸ್ಟೆಲುಗಳು, ವಸತಿ ಶಾಲೆಗಳು ಕ್ವಾರಂಟೈನ್ ಕೇಂದ್ರಗಳಾದವು. ಹಾಸನ, ಅರಕಲಗೂಡು ಕಡೆ ಅದು ಆಲೂಗೆಡ್ಡೆ ಬಿತ್ತುವ ಕಾಲ. ಹದಿನಾಲ್ಕು ದಿನ ಕೂಲಿ ಇಲ್ಲದಿದ್ದರೆ ಒಲೆ ಹತ್ತೋದು ಹೇಗೆ ಅನ್ನೋದು ಹುಕುಮಿನಲ್ಲಿ ಬರೆದಿರೋದಿಲ್ಲ.

ಈ ಸಲದ ಏಣಿ ಜಿಲ್ಲಾಧಿಕಾರಿ, ತಹಸೀಲ್ದಾರ್, ಪಿಡಿಓ. ಕೊನೆಗೆ ಆಶಾ ಕಾರ್ಯಕರ್ತೆ. ತಮಟೆಯ ಜಾಗಕ್ಕೆ ಡೈರಿ ಬಂತು. ಮನೆಮನೆ ತಿರುಗಿ ಯಾರಿಗೆ ಜ್ವರ, ಯಾರು ಊರಿಂದ ಬಂದರು ಅಂತ ಬರೆದುಕೊಂಡವಳು ಅವಳು. ಬೈಗುಳ ತಿಂದವಳೂ ಅವಳೇ. ಅವಳಿಗೆ ಕೊಡೋದನ್ನ ಸಂಬಳ ಅನ್ನೋದಿಲ್ಲ, ಗೌರವಧನ ಅಂತಾರೆ. 2020ರ ಜುಲೈ 10ರಿಂದ ಕರ್ನಾಟಕದ ಸುಮಾರು 42 ಸಾವಿರ ಆಶಾಗಳು ಮುಷ್ಕರ ಹೂಡಿ ಕೇಳಿದ್ದು ತಿಂಗಳಿಗೆ 12 ಸಾವಿರ ರೂಪಾಯಿ, ಜೊತೆಗೆ ಮೈ ಕಾಯುವ ರಕ್ಷಣಾ ಸಾಮಗ್ರಿ. ತೋಟಿಗೆ ಆಗದೇ ಹೋದದ್ದನ್ನು ಇವರು ಮಾಡಿದರು. ಕೊನೇ ಮೆಟ್ಟಿಲಿಂದ ಮೇಲಕ್ಕೆ ಕೂಗಿ ಹೇಳಿದರು.

ಮೇಲೆ ಕೇಳಿಸಿಕೊಳ್ಳಲು ಯಾರಿದ್ದರು? ಗ್ರಾಮ ಪಂಚಾಯ್ತಿಗಳ ಅವಧಿ 2020ರ ಮಧ್ಯದಲ್ಲಿ ಮುಗಿದು ಡಿಸೆಂಬರ್ ಚುನಾವಣೆಯವರೆಗೆ ಆಡಳಿತಾಧಿಕಾರಿಗಳು ಕೂತಿದ್ದರು. ಎರಡನೇ ಅಲೆ ಎದ್ದ 2021ರ ಬೇಸಿಗೆಯಲ್ಲಿ ಜಿಲ್ಲಾ, ತಾಲ್ಲೂಕು ಪಂಚಾಯ್ತಿಗಳ ಅವಧಿಯೂ ಮುಗಿಯಿತು. ಓಟು ಹಾಕಿದವರು ಕತ್ತಿನ ಪಟ್ಟಿ ಹಿಡಿದು ಕೇಳಬಹುದಾದ ಮನುಷ್ಯ ಬೇಕಾಗಿದ್ದಾಗಲೇ ಇರಲಿಲ್ಲ.

ಸತ್ತವರ ಲೆಕ್ಕವೂ ಹಾಗೇ ಆಯ್ತು. 2021ರ ಕೊನೆವರೆಗೆ ಇಂಡಿಯಾದಲ್ಲಿ ಸುಮಾರು 47 ಲಕ್ಷ ಹೆಚ್ಚುವರಿ ಸಾವು ಅಂತ ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಅಂದಾಜು ಹಾಕಿತು. ಸರ್ಕಾರದ ಕೋವಿಡ್ ಸಾವಿನ ಲೆಕ್ಕ 4.8 ಲಕ್ಷ. ಕೇಂದ್ರ ಸರ್ಕಾರ ಆ ಅಂದಾಜನ್ನು ಒಪ್ಪಲಿಲ್ಲ. ಸತ್ತವರ ಮನೆಗೆ 50 ಸಾವಿರ ರೂಪಾಯಿ ಪರಿಹಾರ ಅಂತ ಆಯ್ತು, ಆದರೆ ಕೋವಿಡ್ ಅನ್ನೋದಕ್ಕೆ ಕಾಗದ ಬೇಕು. ಪರೀಕ್ಷೆಯಿಲ್ಲದೆ ಗುಡಿಸಲಲ್ಲೇ ಉಸಿರು ನಿಂತವನು ಎಲ್ಲಿಂದ ಕಾಗದ ತರಬೇಕು?

ಇನ್ನು 'ಸಾಮಾಜಿಕ ಅಂತರ' ಎಂಬ ಮಾತು. ವಿಶ್ವ ಆರೋಗ್ಯ ಸಂಸ್ಥೆ 2020ರ ಮಾರ್ಚಿನಲ್ಲೇ 'ದೈಹಿಕ ಅಂತರ' ಅನ್ನೋಣ ಅಂದಿತು. ನಮ್ಮಲ್ಲಿ ಹಳೇ ಮಾತೇ ನಿಂತಿತು. ನಿಲ್ಲದೆ ಏನು? 2015ರಲ್ಲಿ ಹೊಳೆನರಸೀಪುರ ತಾಲ್ಲೂಕಿನ ಸಿಗರನಹಳ್ಳಿಯಲ್ಲಿ ಗುಡಿ ಹೊಕ್ಕ ದಲಿತ ಹೆಣ್ಣುಮಕ್ಕಳಿಗೆ ದಂಡ ಹಾಕಿದ್ದರು. ಚನ್ನರಾಯಪಟ್ಟಣ ತಾಲ್ಲೂಕಿನ ದಿಂಡಗೂರಿನಲ್ಲಿ ದಲಿತರು ಗುಡಿ ಹೊಕ್ಕದ್ದು 2021ರಲ್ಲಿ, ಅಧಿಕಾರಿಗಳ ಸಮಕ್ಷಮ. ಮಾಸ್ಕು ಬಂದು ಆಗಲೇ ಒಂದೂವರೆ ವರ್ಷ.

ಗೆಳೆಯರೇ, ಇನ್ನೊಂದು ಪಿಡುಗು ಬರುವುದಕ್ಕೆ ಮುಂಚೆ ಒಂದು ಕೆಲಸ ಮಾಡೋಣ. ಮೇಷ್ಟರುಗಳು, ವಿದ್ಯಾರ್ಥಿಗಳು ನಿಮ್ಮ ನಿಮ್ಮ ಊರಿನ ಕೇರಿಗೆ ಹೋಗಿ. 2020, 2021ರಲ್ಲಿ ಯಾರು ಸತ್ತರು, ಯಾರಿಗೆ ಆಸ್ಪತ್ರೆ ಸಿಕ್ಕಿತು, ಯಾರಿಗೆ ಪರಿಹಾರ ಬಂತು, ಯಾರು ಕೂಲಿ ಕಳಕೊಂಡರು, ಒಂದು ನೋಟುಬುಕ್ಕಿನಲ್ಲಿ ಬರೀರಿ. ಆಶಾಳನ್ನು ಜೊತೆಗೆ ಕೂರಿಸಿಕೊಳ್ಳಿ, ಅವಳಿಗೆ ಗೊತ್ತಿರುವಷ್ಟು ತಹಸೀಲ್ದಾರರಿಗೆ ಗೊತ್ತಿಲ್ಲ. ಆ ಬುಕ್ಕನ್ನು ಗ್ರಾಮಸಭೆಯಲ್ಲಿ ಎದ್ದು ನಿಂತು ಗಟ್ಟಿಯಾಗಿ ಓದಿ, ನಡಾವಳಿಯಲ್ಲಿ ಬರೆಸಿ. ಹುಕುಂ ಇಳಿದ ಏಣಿಯಲ್ಲೇ ನಮ್ಮ ಲೆಕ್ಕ ಮೇಲಕ್ಕೆ ಹತ್ತಲಿ.