ಈಗಲೇ ತರುವುದೋ, ತಡೆಯುವುದೋ: ಕೃಷ್ಣೆಯ ದಂಡೆಗೆ ಯಂತ್ರ ಬಂದ ಬಗೆ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಸೀಮೆಯ ಬದುಕನ್ನು ಕಳೆದ ನೂರಿಪ್ಪತ್ತು ವರ್ಷಗಳಲ್ಲಿ ಬುಡಸಹಿತ ಬದಲಿಸಿದ ಯಂತ್ರಗಳೆಂದರೆ ಕಬ್ಬಿಣದ ನೇಗಿಲು, ಕಬ್ಬಿಣದ ಗಾಣ, ಎಣ್ಣೆ ಎಂಜಿನ್ನು ಮತ್ತು ಕಂಪ್ಯೂಟರು. ಇವುಗಳಲ್ಲಿ ಯಾವುದೂ ಬಂದ ದಿನವೇ ಮನೆ ಹೊಕ್ಕಿಲ್ಲ. ಈಗಲೇ ತರುವುದೋ, ಇದಕ್ಕಿಂತ ಸುಧಾರಿಸಿದ್ದು ಬರುವ ತನಕ ತಡೆಯುವುದೋ ಎಂಬ ಪ್ರಶ್ನೆ ಪ್ರತಿ ಸಲವೂ ಎದ್ದಿದೆ. ಇಂದು ಕಂಪ್ಯೂಟರ್ ಅಂಗಡಿಯ ಮುಂದೆ ನಿಂತವರು ಕೇಳಿಕೊಳ್ಳುವುದೂ ಇದನ್ನೇ. ಹಿಂದಿನವರು ಇದಕ್ಕೆ ಉತ್ತರ ಕಂಡುಕೊಂಡ ಬಗೆಯನ್ನು ನೋಡಿದರೆ, ಅವರು ತೂಗಿದ್ದು ಯಂತ್ರದ ಶಕ್ತಿಯನ್ನಷ್ಟೇ ಅಲ್ಲ, ಅದು ಕೆಟ್ಟಾಗ ಹೋಗಬೇಕಾದ ದಾರಿಯ ದೂರವನ್ನೂ ಎಂಬುದು ತಿಳಿಯುತ್ತದೆ.

ಕಬ್ಬಿಣದ ನೇಗಿಲು ಬರುವ ಮುಂಚೆ ಒಕ್ಕಲುತನಕ್ಕಿದ್ದುದು ಕಟ್ಟಿಗೆಯ ರಂಟೆ. ಅದರ ತುದಿಗೆ ಮಾತ್ರ ಕಬ್ಬಿಣದ ಕುಳ. ರಂಟೆ ನೆಲವನ್ನು ಸೀಳುತ್ತದೆ, ಮಣ್ಣನ್ನು ಮಗುಚುವುದಿಲ್ಲ. ಎರೆಹೊಲದಲ್ಲಿ ಆಳಕ್ಕೆ ಬೇರಿಳಿಸಿದ ಕರಿಕೆಯನ್ನು ಕಿತ್ತೊಗೆಯಬೇಕಾದರೆ ಭಾರದ ರಂಟೆಗೆ ಮೂರು ನಾಲ್ಕು ಜೋಡಿ ಎತ್ತು ಕಟ್ಟಬೇಕಿತ್ತು. ಅಷ್ಟಾದರೂ ಕಳೆ ಮತ್ತೆ ಚಿಗುರುತ್ತಿತ್ತು. ಆದರೆ ರಂಟೆಗೆ ಒಂದು ದೊಡ್ಡ ಅನುಕೂಲವಿತ್ತು. ಅದಕ್ಕೆ ರೊಕ್ಕ ಬೇಕಿರಲಿಲ್ಲ. ಕಟ್ಟಿಗೆ ಹೊಲದ ಬದುವಿನ ಜಾಲಿಯದು. ಕೆತ್ತುವವನು ಊರ ಬಡಿಗ, ಕುಳ ಕಾಯಿಸಿ ಬಡಿಯುವವನು ಊರ ಕಂಬಾರ. ಇಬ್ಬರೂ ಆಯಗಾರರು. ವರ್ಷವಿಡೀ ದುರಸ್ತಿ ಮಾಡಿಕೊಟ್ಟು ಸುಗ್ಗಿಯಲ್ಲಿ ಕಣಕ್ಕೆ ಬಂದು ತಮ್ಮ ಪಾಲಿನ ಜೋಳ ಅಳೆಸಿಕೊಂಡು ಹೋಗುತ್ತಿದ್ದರು. ಬಿತ್ತನೆಯ ಹದದಲ್ಲಿ ರಂಟೆ ಮುರಿದರೆ ಸಂಜೆಯೊಳಗೆ ಸರಿಯಾಗುತ್ತಿತ್ತು. ಕಬ್ಬಿಣದ ನೇಗಿಲು ಇದಕ್ಕೆ ಎದುರಾಗಿ ನಗದು ಕೇಳಿತು, ಮುರಿದರೆ ಎರಕದ ಕಾರ್ಖಾನೆಯತ್ತ ಬೆರಳು ತೋರಿಸಿತು.

ಈ ನೇಗಿಲನ್ನು ಈ ಭಾಗದಲ್ಲಿ ತಯಾರಿಸಿ ಮಾರಿದ ಲಕ್ಷ್ಮಣರಾವ್ ಕಿರ್ಲೋಸ್ಕರ್ ಹುಟ್ಟಿದ್ದು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ, 1869ರಲ್ಲಿ. 1888ರಲ್ಲಿ ಬೆಳಗಾವಿಯಲ್ಲಿ ಆರಂಭವಾದ ಅವರ ಕುಟುಂಬದ ವ್ಯವಹಾರ ಸೈಕಲ್ ಅಂಗಡಿ. ಅಲ್ಲಿಂದ ಮೇವು ಕತ್ತರಿಸುವ ಯಂತ್ರಕ್ಕೆ, ಮುಂದೆ ನೇಗಿಲಿಗೆ ಅವರು ಬಂದರು. ಕಬ್ಬಿಣ ತಾಗಿದರೆ ಭೂಮಿಗೆ ವಿಷವೇರುತ್ತದೆ ಎಂಬ ನಂಬಿಕೆ ರೈತರಲ್ಲಿತ್ತು. ಮೊದಲ ನೇಗಿಲುಗಳು ಮಾರಾಟವಾಗಲು ಎರಡು ವರ್ಷ ಹಿಡಿಯಿತು. ಈ ವಿಳಂಬವನ್ನು ಬರೀ ಮೂಢನಂಬಿಕೆಯ ಕಥೆಯಾಗಿ ಹೇಳುವುದು ರೂಢಿ. ಅದು ಅನ್ಯಾಯ. ಆಯದ ಜೋಳಕ್ಕೆ ದುರಸ್ತಿಯಾಗುವ ಸಾಧನವನ್ನು ಬಿಟ್ಟು, ಊರಿನಲ್ಲಿ ಯಾರಿಗೂ ಗೊತ್ತಿಲ್ಲದ ಸಾಧನಕ್ಕೆ ನಗದು ಸುರಿಯುವ ಮುಂಚೆ ಎರಡು ಸುಗ್ಗಿ ಕಾದು ನೋಡಿದ ಒಕ್ಕಲಿಗನ ಲೆಕ್ಕದಲ್ಲಿ ತಪ್ಪಿರಲಿಲ್ಲ.

ಬೆಳಗಾವಿಯಲ್ಲಿದ್ದ ಜಾಗ ತೆರವು ಮಾಡಬೇಕಾಗಿ ಬಂದಾಗ ಔಂಧ ಸಂಸ್ಥಾನದ ಅರಸ ಬಾಳಾಸಾಹೇಬ ಪಂತ ಪ್ರತಿನಿಧಿ ಕುಂಡಲ ರೋಡ್ ಸ್ಟೇಷನ್ನಿನ ಬಳಿ ನೆಲವನ್ನೂ ಸಾಲವನ್ನೂ ಕೊಟ್ಟರು. 1910ರಲ್ಲಿ ಅಲ್ಲಿ ಎದ್ದು ನಿಂತದ್ದೇ ಕಿರ್ಲೋಸ್ಕರವಾಡಿ. ಸುತ್ತ ಕತ್ತಾಳೆ, ಕಲ್ಲು, ಹಾವು ತುಂಬಿದ್ದ ಬಯಲು ಕಾರ್ಖಾನೆಯ ಊರಾಯಿತು. ಕಾಗವಾಡದವರಿಗೆ ಮೀರಜ ಪಕ್ಕದ ಪೇಟೆ. ಮೀರಜದಿಂದ ಪುಣೆಯ ಕಡೆಗೆ ಹೋಗುವ ರೈಲುದಾರಿಯಲ್ಲೇ ಕಿರ್ಲೋಸ್ಕರವಾಡಿ. ಶೇಡಬಾಳ, ಉಗಾರ, ಕುಡಚಿ, ರಾಯಬಾಗ, ಚಿಕ್ಕೋಡಿ ರೋಡ್ ನಿಲ್ದಾಣಗಳು ಅದೇ ಮೀರಜಕ್ಕೆ ಬೆಳಗಾವಿಯನ್ನು ಜೋಡಿಸುವ ದಾರಿಯ ಮೇಲಿವೆ. ಸವೆದ ಕುಳಕ್ಕೆ ಬದಲಿ ಕುಳ ರೈಲಿನಲ್ಲಿ ತಲುಪುವಷ್ಟು ಹತ್ತಿರಕ್ಕೆ ಕಾರ್ಖಾನೆಯೇ ಬಂದಂತಾಯಿತು. 1920ರಲ್ಲಿ ಸಂಸ್ಥೆ ‘ಕಿರ್ಲೋಸ್ಕರ ಖಬರ್’ ಎಂಬ ಪತ್ರಿಕೆಯನ್ನೂ ಹೊರಡಿಸಿತು. ಒಬ್ಬನ ಹೊಲದಲ್ಲಿ ಮಣ್ಣು ಮಗುಚಿ ಕರಿಕೆಯ ಬೇರು ಬಿಸಿಲಿಗೆ ಒಣಗಿದ್ದನ್ನು ಬದುವಿನಾಚೆಯವನು ಕಣ್ಣಾರೆ ಕಂಡನು. ಅಷ್ಟು ಹೊತ್ತಿಗೆ ವಿಷದ ಮಾತು ತಾನಾಗಿ ನಿಂತಿತು.

ಗಾಣದ ಕಥೆ ಚಿಕ್ಕದು. ನಿಂತ ಕಟ್ಟಿಗೆ ಉರುಳೆಗಳ ನಡುವೆ ಕಬ್ಬು ಕೊಟ್ಟು ಎತ್ತು ಸುತ್ತಿಸಿ ರಸ ಹಿಂಡುತ್ತಿದ್ದ ಕಾಲದಲ್ಲಿ ಸಿಪ್ಪೆಯಲ್ಲೇ ಸಾಕಷ್ಟು ರಸ ಉಳಿಯುತ್ತಿತ್ತು. 1870ರ ದಶಕದಲ್ಲಿ ಬಿಹಾರದ ಬಿಹಿಯಾದಲ್ಲಿ ಥಾಮ್ಸನ್ ಮತ್ತು ಮಿಲ್ನ್ ಕಬ್ಬಿಣದ ಉರುಳೆಯ ಗಾಣ ರೂಪಿಸಿ, ಮಾರುವುದರ ಜೊತೆಗೆ ಹಂಗಾಮಿನ ಬಾಡಿಗೆಗೂ ಕೊಟ್ಟರು. ವರ್ಷಕ್ಕೆ ಕೆಲವೇ ವಾರ ಬೇಕಾಗುವ ಯಂತ್ರಕ್ಕೆ ಬಾಡಿಗೆ ಎಂಬ ಉಪಾಯ ಚೆನ್ನಾಗಿ ಹೊಂದಿತು. ಕೊಳ್ಳುವುದಕ್ಕೂ ಕಾಯುವುದಕ್ಕೂ ನಡುವೆ ಹೀಗೊಂದು ಮೂರನೆಯ ದಾರಿ ಇದೆಯೆಂಬುದನ್ನು ಇಂದಿನವರು ಮರೆಯುತ್ತಾರೆ.

ಎಣ್ಣೆ ಎಂಜಿನ್ನಿನ ವಿಷಯದಲ್ಲಿ ಲೆಕ್ಕ ಬೇರೆಯಾಯಿತು. 1932ರಲ್ಲಿ ದೇಶೀ ಸಕ್ಕರೆಗೆ ಸುಂಕದ ರಕ್ಷಣೆ ಸಿಕ್ಕ ಮೇಲೆ ಹಲವೆಡೆ ಕಾರ್ಖಾನೆಗಳು ಎದ್ದವು. 1939ರಲ್ಲಿ ಶಿರಗಾಂವಕರ ಮನೆತನದವರು ಉಗಾರ ಖುರ್ದದಲ್ಲಿ ಉಗಾರ ಸಕ್ಕರೆ ಕಾರ್ಖಾನೆ ಸ್ಥಾಪಿಸಿದರು. ಮಗ್ಗುಲಲ್ಲೇ ಕೃಷ್ಣೆ ಹರಿಯುತ್ತಿದ್ದರೂ ನೀರು ದಂಡೆಯಿಂದ ಬಹಳ ಕೆಳಗೆ. ಎತ್ತು ಕಟ್ಟಿ ಚರ್ಮದ ಚೀಲದಿಂದ ಬಾವಿಯ ನೀರೆತ್ತುವ ಕಪಿಲೆಯಿಂದ ಕಬ್ಬಿನ ಎಕರೆಗಳನ್ನು ತೋಯಿಸುವುದು ಆಗದ ಮಾತು. ಎಂಜಿನ್ನು, ಪಂಪು, ಪೈಪು ಇದ್ದವನಿಗೆ ಮಾತ್ರ ಕಬ್ಬು. ಸ್ವಾತಂತ್ರ್ಯದ ಮುನ್ನಾವರ್ಷ 1946ರಲ್ಲಿ ಪುಣೆಯಲ್ಲಿ ಕಿರ್ಲೋಸ್ಕರ್ ಆಯಿಲ್ ಎಂಜಿನ್ಸ್ ಶುರುವಾಯಿತು. ಕೊಲ್ಹಾಪುರದ ಉದ್ಯಮನಗರದಲ್ಲೂ ಎಂಜಿನ್ನು ತಯಾರಿಸುವ, ರಿಪೇರಿ ಮಾಡುವ ಅಂಗಡಿಗಳು ಬೆಳೆದವು. ನಿಪ್ಪಾಣಿ, ಚಿಕ್ಕೋಡಿಯವರಿಗೆ ಕೊಲ್ಹಾಪುರ; ಅಥಣಿ, ಕಾಗವಾಡದವರಿಗೆ ಸಾಂಗಲಿ, ಮೀರಜ: ಬಿಡಿಭಾಗ ಒಂದು ದಿನದ ದಾರಿಯೊಳಗಿತ್ತು.

ಮುಂದೆ ಕರೆಂಟು ಬರುತ್ತದೆ, ಮೋಟರು ಅಗ್ಗ, ಎಣ್ಣೆಯ ಖರ್ಚಿಲ್ಲ ಎಂಬ ಮಾತು ಆಗಲೂ ಇತ್ತು. ಅದು ಸುಳ್ಳೂ ಆಗಲಿಲ್ಲ. ತಂತಿ ಬಂದ ಊರುಗಳಲ್ಲಿ ಎಂಜಿನ್ನು ಮೂಲೆ ಸೇರಿತು. ಆದರೂ ತಂತಿಯ ದಾರಿ ಕಾಯುವುದು ಅಗ್ಗದ್ದಾಗಿರಲಿಲ್ಲ. ಕಬ್ಬು ಹನ್ನೆರಡರಿಂದ ಹದಿನೆಂಟು ತಿಂಗಳ ಬೆಳೆ. ಐದು ವರ್ಷ ಕಾದವನಿಗೆ ಮೂರರಿಂದ ಐದು ಬೆಳೆಯ ದುಡ್ಡು ತಪ್ಪುತ್ತದೆ. ಕಾಯುವುದಕ್ಕೂ ಒಂದು ಬೆಲೆಯಿದೆ. ಅದನ್ನು ಬೆಳೆಯಲ್ಲಿ ಅಳೆದ ಕುಟುಂಬಗಳು ಹಳೆಯದಾಗುವ ಯಂತ್ರವೆಂದು ಗೊತ್ತಿದ್ದೇ ಎಂಜಿನ್ನು ತಂದವು.

ಕಂಪ್ಯೂಟರು ಈ ಸೀಮೆಗೆ ಬಂದದ್ದು ಇನ್ನೊಂದು ಸ್ವಭಾವದ ಯಂತ್ರವಾಗಿ. ನೇಗಿಲು ಹತ್ತು ವರ್ಷಕ್ಕೂ ಅದೇ ನೇಗಿಲು. ಕಂಪ್ಯೂಟರಿನ ಒಳಗಿನ ಚಿಪ್ಪು ಮಾತ್ರ ಎರಡರಿಂದ ನಾಲ್ಕು ವರ್ಷಕ್ಕೆ ಬದಲಾಯಿತು: 1985ರಲ್ಲಿ ಇಂಟೆಲ್ 386, 1989ರಲ್ಲಿ 486, 1993ರಲ್ಲಿ ಪೆಂಟಿಯಂ, 1997ರಲ್ಲಿ ಪೆಂಟಿಯಂ 2, 1999ರಲ್ಲಿ ಪೆಂಟಿಯಂ 3. ಇದರ ಜೊತೆಗೆ ಬೆಲೆಯೂ ಇಳಿಯುತ್ತ ಹೋಯಿತು. 1997ರಲ್ಲಿ ಭಾರತ ಮಾಹಿತಿ ತಂತ್ರಜ್ಞಾನ ಒಪ್ಪಂದಕ್ಕೆ ಸೇರಿದ ಮೇಲೆ ಕಂಪ್ಯೂಟರಿನ ಆಮದು ಸುಂಕ ಹಂತಹಂತವಾಗಿ ಇಳಿದು 2005ರ ಹೊತ್ತಿಗೆ ಇಲ್ಲವಾಯಿತು. ತಡೆದವನಿಗೆ ಹೆಚ್ಚು ಶಕ್ತಿಯ ಯಂತ್ರ ಕಡಿಮೆ ದುಡ್ಡಿಗೆ ಖಂಡಿತವಾಗಿ ಸಿಗುತ್ತಿದ್ದ ಕಾಲ ಅದು. ರಾಯಬಾಗದಂಥ ಊರಲ್ಲಿ ಕರೆಂಟು ಹೊತ್ತಿಲ್ಲದ ಹೊತ್ತಿಗೆ ಹೋಗುತ್ತಿದ್ದುದರಿಂದ ಕಂಪ್ಯೂಟರಿನ ಜೊತೆಗೆ ಯುಪಿಎಸ್‌ಗೂ ದುಡ್ಡು ತೆಗೆದಿಡಬೇಕಿತ್ತು.

ಗಡಿಯ ಊರುಗಳಿಗೆ ಭಾಷೆಯ ತೊಡಕೂ ಸೇರಿತು. ನಿಪ್ಪಾಣಿಯಲ್ಲೋ ಅಥಣಿಯಲ್ಲೋ ಮದುವೆಯ ಕಾರ್ಡು ಛಾಪಿಸುವ ಡಿಟಿಪಿ ಅಂಗಡಿಗೆ ಕನ್ನಡವೂ ಬೇಕು, ಮರಾಠಿಯೂ ಬೇಕು. ಎರಡನ್ನೂ ಬರೆಯುತ್ತಿದ್ದ ಪುಣೆಯ ಶ್ರೀಲಿಪಿಯಂಥ ತಂತ್ರಾಂಶಗಳಿಗೆ ಡಾಂಗಲ್ ಎಂಬ ಬೆರಳುದ್ದದ ಬೀಗ ಬರುತ್ತಿತ್ತು. ಅದನ್ನು ಕಂಪ್ಯೂಟರಿನ ಬೆನ್ನಿನಲ್ಲಿ ಪ್ರಿಂಟರಿನ ಕಿಂಡಿಗೆ ಚುಚ್ಚಿದರೆ ಮಾತ್ರ ತಂತ್ರಾಂಶ ತೆರೆಯುವುದು. ಮುಂದೆ ಬಂದ ಹೊಸ ಕಂಪ್ಯೂಟರುಗಳಲ್ಲಿ ಆ ಅಗಲ ಕಿಂಡಿಯೇ ಇರಲಿಲ್ಲ. ಹಳೆಯ ಫಾಂಟಿನಲ್ಲಿ ಕೂಡಿಸಿದ ಕಡತ ಆ ಫಾಂಟು ಇಲ್ಲದ ಯಂತ್ರದಲ್ಲಿ ಅರ್ಥವಿಲ್ಲದ ಗುರುತುಗಳಾಗಿ ಕಾಣುತ್ತಿತ್ತು. ಕೆಲಸದ ಕಂಪ್ಯೂಟರನ್ನು ಬಿಟ್ಟುಕೊಡದೆ ಇಟ್ಟುಕೊಳ್ಳಲು ಇದು ಸಾಕಷ್ಟು ಬಲವಾದ ಕಾರಣ. 1998ರಲ್ಲಿ ಬಂದ ಬರಹ, ಕನ್ನಡ ಗಣಕ ಪರಿಷತ್ತಿನ ನುಡಿ, 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ಸೇರಿದ ಯೂನಿಕೋಡ್ ಕನ್ನಡ ಇವೆಲ್ಲ ಸೇರಿ ಈ ಗಂಟನ್ನು ನಿಧಾನವಾಗಿ ಬಿಡಿಸಿದವು. ಕನ್ನಡಕ್ಕಾಗಿ ಕಾದವರ ಕಾಯುವಿಕೆ ಸಾರ್ಥಕವಾಯಿತು.

ಸರಕಾರವೂ ಇದೇ ಪ್ರಶ್ನೆಯಲ್ಲಿ ಒಮ್ಮೆ ಎಡವಿದೆ. ಜಮೀನಿನ ಪಹಣಿಗೆ ಈ ಭಾಗದಲ್ಲಿ ಉತಾರ ಎನ್ನುತ್ತಾರೆ. ಸಾಲಕ್ಕೆ, ಪಾಲಿಗೆ, ಕೋರ್ಟಿಗೆ, ಎಲ್ಲಕ್ಕೂ ಉತಾರ ಬೇಕು. ಅದನ್ನು ಕೈಯಲ್ಲಿ ಬರೆದು ಕೊಡುತ್ತಿದ್ದವರು ತಲಾಟಿ, ಅಂದರೆ ಗ್ರಾಮ ಲೆಕ್ಕಿಗರು. ಅವರು ಸಿಕ್ಕ ದಿನವೇ ರೈತನ ಸುದಿನವಾಗಿತ್ತು. ಕರ್ನಾಟಕದಲ್ಲಿ ಪಹಣಿಯನ್ನು ಗಣಕಕ್ಕೆ ಏರಿಸುವ ಪ್ರಯೋಗ 1991ರಲ್ಲೇ ಆರಂಭವಾಯಿತು. 1996ರ ಹೊತ್ತಿಗೆ ಎಲ್ಲ ಜಿಲ್ಲೆಗಳಿಗೂ ಯೋಜನೆ ಮಂಜೂರಾಯಿತು. ಆದರೆ ದಾಖಲೆ ದಿನದಿನವೂ ಬದಲಾಗುವ ತಾಲೂಕು ಕಚೇರಿಯಲ್ಲಿ ಕಂಪ್ಯೂಟರ್ ಇಡುವ ಏರ್ಪಾಡು ಅದರಲ್ಲಿರಲಿಲ್ಲ. ಮಾಹಿತಿ ತುಂಬಿಸುವಷ್ಟರಲ್ಲಿ ಅದು ಹಳತಾಗುತ್ತಿತ್ತು. ಯಂತ್ರ ಸಾಲದೆ ಹೋದದ್ದಲ್ಲ, ಅದನ್ನಿಡಬೇಕಾದ ಜಾಗ ತಪ್ಪಿತ್ತು.

ಮುಂದಿನ ‘ಭೂಮಿ’ ಯೋಜನೆ ಆ ತಪ್ಪನ್ನು ತಿದ್ದಿತು. ರಾಜ್ಯದ ಸುಮಾರು 67 ಲಕ್ಷ ರೈತರ ಎರಡು ಕೋಟಿಯಷ್ಟು ಪಹಣಿಗಳು ಗಣಕಕ್ಕೆ ಏರಿದವು. ಪ್ರತಿ ತಾಲೂಕಿನಲ್ಲೂ ಭೂಮಿ ಕೇಂದ್ರ ತೆರೆಯಿತು. ಚಿಕ್ಕೋಡಿ, ರಾಯಬಾಗ, ಅಥಣಿ ಕಚೇರಿಗಳ ಮುಂದೆ 15 ರೂಪಾಯಿ ಹಿಡಿದು ಸಾಲು ನಿಂತವರಿಗೆ ಮುದ್ರಿತ ಉತಾರ ಕೈಗೆ ಬಂತು. ಆ ಕೇಂದ್ರದಲ್ಲಿ ಎರಡು ಪರದೆಗಳಿರುತ್ತಿದ್ದವು. ಒಂದು ನೌಕರನ ಕಡೆಗೆ, ಇನ್ನೊಂದು ಕಿಂಡಿಯಾಚೆ ನಿಂತ ರೈತನ ಕಡೆಗೆ. ನೌಕರ ಬೆರಳ ಗುರುತು ಕೊಟ್ಟೇ ಯಂತ್ರ ತೆರೆಯಬೇಕಿತ್ತು. ತನ್ನ ಸರ್ವೆ ನಂಬರು, ಎಕರೆ, ಗುಂಟೆ, ಬ್ಯಾಂಕಿನ ಬೋಜಾ ಪರದೆಯ ಮೇಲೆ ಮೂಡುವುದನ್ನು ರೈತ ತಾನೇ ನೋಡಿದ್ದು ಅದೇ ಮೊದಲು. ಅಕ್ಷರ ಬಾರದವರು ಪಕ್ಕದವರಿಂದ ಓದಿಸಿಕೊಂಡರು. ಆ ಯಂತ್ರಗಳು ಅಂದಿನ ಲೆಕ್ಕದಲ್ಲೂ ಸಾಧಾರಣವೇ. ಇನ್ನಷ್ಟು ಒಳ್ಳೆಯ ಕಂಪ್ಯೂಟರಿಗಾಗಿ ಐದು ವರ್ಷ ತಡೆದಿದ್ದರೆ ಅಷ್ಟೂ ಕಾಲ ರೈತ ತಲಾಟಿಯ ಹಿಂದೆ ಅಲೆಯುತ್ತಲೇ ಇರಬೇಕಿತ್ತು.

ಇಂದು ಅಂಗಡಿ, ಸೊಸೈಟಿ, ಶಾಲೆಗಳಲ್ಲಿ ಹಳೆಯ ಕಂಪ್ಯೂಟರನ್ನು ತೂಗುವಾಗ ಚಿಪ್ಪಿನ ವೇಗಕ್ಕಿಂತ ಮುಂಚೆ ನೋಡಬೇಕಾದ ದಿನಾಂಕವೊಂದಿದೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಬೆಂಬಲ ಮುಗಿದಿದೆ. ವಿಂಡೋಸ್ 11 ಟಿಪಿಎಂ 2.0 ಎಂಬ ಭದ್ರತಾ ಭಾಗವಿರುವ ಯಂತ್ರವನ್ನೇ ಕೇಳುತ್ತದೆ. ಬ್ಯಾಂಕು, ತೆರಿಗೆ, ಜನರ ಗುರುತಿನ ದಾಖಲೆ ಮುಟ್ಟುವ ಕಂಪ್ಯೂಟರು ಹಳೆಯ ತಂತ್ರಾಂಶದಲ್ಲೇ ಓಡುತ್ತಿದ್ದರೆ ಇನ್ನೂ ತಡೆಯುವುದು ಸರಿಯಲ್ಲ. ಬರೀ ಪತ್ರ ಬರೆಯುವ, ಜಾಲಕ್ಕೆ ಜೋಡಿಸದ ಯಂತ್ರವಾದರೆ ಅವಸರವಿಲ್ಲ. ಬೇಗ ತರುವವರು, ಯಂತ್ರ ಕೆಟ್ಟರೆ ಸರಿಮಾಡುವ ಕೈ ಕೊಲ್ಹಾಪುರದಲ್ಲೋ ಮೀರಜದಲ್ಲೋ ಇದೆಯೇ ಎಂದು ಮೊದಲು ವಿಚಾರಿಸಿಕೊಳ್ಳಬೇಕು.

ಉತಾರದ ಕಥೆಗೆ ಮರಳಿದರೆ, ನಿಪ್ಪಾಣಿ ಮತ್ತು ಕಾಗವಾಡ 2018ರಲ್ಲಿ ಬೇರೆ ತಾಲೂಕುಗಳಾಗಿ ಕೆಲಸ ಶುರುಮಾಡಿದವು. ಆ ಎರಡು ಕಚೇರಿಗಳಲ್ಲಿ ಕೈಬರಹದ ಉತಾರ ಕೊಟ್ಟ ಕಾಲವೇ ಇಲ್ಲ. ಮೊದಲ ದಿನದಿಂದಲೂ ಅದು ಕಂಪ್ಯೂಟರಿನದೇ.